ತಿದ್ದುವುದಾದರೆ ಮೂಲದಲ್ಲೇ ತಿದ್ದೋಣ



ಪಠ್ಯಪುಸ್ತಕ ಓದುವಾಗ ಎಂದಾದರೊಮ್ಮೆ ಅಚ್ಚಿನ ತಪ್ಪು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಲೆಕ್ಕದ ಉತ್ತರದಲ್ಲಿ ಒಂದು ಸೊನ್ನೆ ಹೆಚ್ಚಾಗಿರುತ್ತದೆ, ಇಲ್ಲವೇ ಇಸವಿಯ ಅಂಕಿಗಳು ಹಿಂದುಮುಂದಾಗಿರುತ್ತವೆ. ಆಗ ನೀವು ಏನು ಮಾಡುತ್ತೀರಿ? ಪೆನ್ಸಿಲ್ ತೆಗೆದುಕೊಂಡು ನಿಮ್ಮ ಪ್ರತಿಯಲ್ಲಿ ತಿದ್ದಿಕೊಳ್ಳುತ್ತೀರಿ. ನಿಮ್ಮ ಮಟ್ಟಿಗೆ ಕೆಲಸ ಮುಗಿಯಿತು. ಆದರೆ ಪಕ್ಕದ ಬೆಂಚಿನ ಗೆಳತಿಯ ಪುಸ್ತಕದಲ್ಲಿ ತಪ್ಪು ಹಾಗೆಯೇ ಇದೆ. ಮುಂದಿನ ವರ್ಷ ಪುಸ್ತಕ ಮರುಮುದ್ರಣವಾದಾಗ ತಪ್ಪೂ ಮರುಮುದ್ರಣವಾಗುತ್ತದೆ. ಅದು ಎಲ್ಲ ಪ್ರತಿಗಳಿಂದಲೂ ಹೋಗಬೇಕಾದರೆ ಇರುವ ದಾರಿ ಒಂದೇ: ಇಂಥ ಪುಟದ ಇಂಥ ಸಾಲಿನಲ್ಲಿ ಹೀಗಿದೆ, ಹೀಗಿರಬೇಕಲ್ಲವೇ ಎಂದು ಪುಸ್ತಕ ಬರೆದವರಿಗೆ ಒಂದು ಕಾಗದ ಬರೆಯುವುದು.

ಈಗ ಇನ್ನೊಂದು ಸಂದರ್ಭ ಊಹಿಸಿಕೊಳ್ಳಿ. ಊರಿನ ಪುಸ್ತಕದಂಗಡಿಯವರು ಬಹಳ ಶ್ರದ್ಧಾವಂತರು. ಮಾರಾಟಕ್ಕೆ ಬಂದ ಪ್ರತಿಯೊಂದು ಪುಸ್ತಕವನ್ನೂ ತೆರೆದು, ತಪ್ಪು ಕಂಡಲ್ಲಿ ತಾವೇ ಮಸಿಯಿಂದ ತಿದ್ದಿ ಮಾರುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಅವರು ತಪ್ಪೆಂದು ಹೊಡೆದುಹಾಕಿದ ಸಾಲು ನಿಜಕ್ಕೂ ತಪ್ಪಾಗಿರದಿದ್ದರೆ? ಪುಸ್ತಕ ಬರೆದವರಿಗೆ ಈ ವಿಷಯ ಗೊತ್ತೇ ಇಲ್ಲ. ಕೊಂಡವರಿಗೂ ಗೊತ್ತಿಲ್ಲ. ಆ ಅಂಗಡಿಯ ಗಿರಾಕಿಗಳೆಲ್ಲರೂ ಸರಿಯಾದ ಪಾಠವೆಂದು ನಂಬಿ ತಪ್ಪು ಪಾಠವನ್ನೇ ಓದುತ್ತಾರೆ.

ತಂತ್ರಾಂಶದ ಜಗತ್ತಿನಲ್ಲಿ ಇಂಥದೊಂದು ಘಟನೆ ನಿಜವಾಗಿಯೂ ನಡೆಯಿತು. 2006ರಲ್ಲಿ ಹೊಡೆದುಹಾಕಿದ ಎರಡು ಸಾಲುಗಳ ಪರಿಣಾಮವಾಗಿ 2008ರಲ್ಲಿ ಜಗತ್ತಿನ ಅನೇಕ ಗಣಕಗಳ ಬೀಗಗಳನ್ನು ಬದಲಾಯಿಸಬೇಕಾಯಿತು. ಆ ಕಥೆಯನ್ನೂ, ಅದರಿಂದ ನಾವು ಕಲಿಯಬೇಕಾದ ಒಂದು ಒಳ್ಳೆಯ ಅಭ್ಯಾಸವನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಕೆಲವು ಪದಗಳ ಪರಿಚಯ ಮಾಡಿಕೊಳ್ಳೋಣ. ಲಿನಕ್ಸ್ ಎಂಬ ಹೆಸರನ್ನು ನೀವು ಕೇಳಿದ್ದೀರಿ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಕೆಲಸ ಅದು. ಕಟ್ಟುನಿಟ್ಟಾಗಿ ಹೇಳುವುದಾದರೆ ಲಿನಕ್ಸ್ ಎಂಬುದು ಗಣಕದ ಕಾರ್ಯಾಚರಣೆಯ ತಿರುಳು ಮಾತ್ರ. ಅದಕ್ಕೆ ಅಂಗಡಿಯ ಸಾಮಾನಿನಂತೆ ಸಾವಿರಾರು ಬೇರೆ ಬೇರೆ ತಂತ್ರಾಂಶಗಳನ್ನು ಸೇರಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಬಳಕೆದಾರರ ಕೈಗೆ ಕೊಡುವವರು ಬೇರೆ. ಹೀಗೆ ಕಟ್ಟಿಕೊಟ್ಟ ಒಟ್ಟು ಸಮೂಹಕ್ಕೆ ಡಿಸ್ಟ್ರಿಬ್ಯೂಷನ್, ಅಂದರೆ ವಿತರಣೆ ಎನ್ನುತ್ತಾರೆ. ಡೆಬಿಯನ್, ಫೆಡೋರಾ, ಉಬುಂಟು ಇವೆಲ್ಲ ವಿತರಣೆಗಳು. ಅದರಲ್ಲಿರುವ ಒಂದೊಂದು ತಂತ್ರಾಂಶದ ಕಟ್ಟಿಗೂ ಪ್ಯಾಕೇಜ್ ಎಂದು ಹೆಸರು. ಇಯಾನ್ ಮರ್ಡಾಕ್ ಅವರು 1993ರಲ್ಲಿ ಆರಂಭಿಸಿದ ಡೆಬಿಯನ್ ವಿತರಣೆಯ 13ನೇ ಆವೃತ್ತಿ 2025ರ ಆಗಸ್ಟ್‌ನಲ್ಲಿ ಹೊರಬಂದಿತು. ಅದರಲ್ಲಿರುವ ಪ್ಯಾಕೇಜ್‌ಗಳ ಸಂಖ್ಯೆ 69 ಸಾವಿರಕ್ಕೂ ಹೆಚ್ಚು.

ಇಷ್ಟೊಂದು ತಂತ್ರಾಂಶಗಳನ್ನು ವಿತರಣೆಯವರೇ ಬರೆದಿರುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಕರ್ತೃಗಳಿದ್ದಾರೆ. ಅವರು ಬರೆದುದು ಹೊಳೆಯ ನೀರಿನಂತೆ ಕೆಳಕ್ಕೆ ಹರಿದು ವಿತರಣೆಗೆ ಬರುತ್ತದೆ, ಅಲ್ಲಿಂದ ನಮ್ಮ ಗಣಕಕ್ಕೆ ಬರುತ್ತದೆ. ಆದ್ದರಿಂದ ಮೂಲ ಕರ್ತೃಗಳನ್ನು ಅಪ್‌ಸ್ಟ್ರೀಮ್, ಅಂದರೆ ಹೊಳೆಯ ಮೇಲುಗಡೆಯವರು ಎಂದು ಕರೆಯುವುದು ವಾಡಿಕೆ. ನಾವು ಇಲ್ಲಿ ಸರಳವಾಗಿ ‘ಮೂಲ’ ಎನ್ನೋಣ. ವಿತರಣೆಯಲ್ಲಿ ಒಂದೊಂದು ಪ್ಯಾಕೇಜನ್ನೂ ನೋಡಿಕೊಳ್ಳುವವರನ್ನು ‘ಉಸ್ತುವಾರಿ’ ಎನ್ನೋಣ.

ತಂತ್ರಾಂಶದಲ್ಲಿ ದೋಷ ಕಂಡಾಗ ಅದರ ಸೋರ್ಸ್ ಕೋಡ್‌ನಲ್ಲಿ, ಎಂದರೆ ಮೂಲಪಾಠದಲ್ಲಿ, ಕೆಲವು ಸಾಲುಗಳನ್ನು ಬದಲಿಸಬೇಕಾಗುತ್ತದೆ. ಯಾವ ಸಾಲು ತೆಗೆಯಬೇಕು, ಯಾವ ಸಾಲು ಸೇರಿಸಬೇಕು ಎಂಬುದನ್ನು ಮಾತ್ರ ಬರೆದಿಟ್ಟ ಪುಟ್ಟ ಕಡತಕ್ಕೆ ಪ್ಯಾಚ್ ಎಂದು ಹೆಸರು. ಹರಿದ ಅಂಗಿಗೆ ನಾವು ಹಾಕುವ ತೇಪೆಯೇ ಇದು. ಇಂಥ ಕಡತವನ್ನು ಓದಿ ತಾನೇ ತಿದ್ದುಪಡಿಯನ್ನು ಹಚ್ಚುವ ಪುಟ್ಟ ಪ್ರೋಗ್ರಾಮನ್ನು ಲ್ಯಾರಿ ವಾಲ್ ಎಂಬುವರು 1985ರಲ್ಲಿಯೇ ಬರೆದು ಹಂಚಿದರು. ಅಂದಿನಿಂದ ದೂರದೂರದ ಜನರು ಒಂದೇ ತಂತ್ರಾಂಶವನ್ನು ಕೂಡಿ ತಿದ್ದುವುದು ಬಹಳ ಸುಲಭವಾಯಿತು.

ವಿತರಣೆಯ ಉಸ್ತುವಾರಿಗೆ ಒಂದು ದೋಷ ಕಂಡಿತು ಎನ್ನಿ. ತೇಪೆಯೂ ಸಿದ್ಧವಾಯಿತು. ಈಗ ಅವರ ಮುಂದೆ ಎರಡು ದಾರಿಗಳಿವೆ. ತಮ್ಮ ಪ್ಯಾಕೇಜ್‌ಗೆ ಮಾತ್ರ ತೇಪೆ ಹಾಕಿ ಇಂದೇ ಬಳಕೆದಾರರಿಗೆ ಕೊಡಬಹುದು. ಇದು ಅಂಗಡಿಯವರ ಮಸಿಯ ತಿದ್ದುಪಡಿ. ಇಲ್ಲವೇ ತೇಪೆಯನ್ನು ಮೂಲ ಕರ್ತೃಗಳಿಗೆ ಕಳುಹಿಸಿ, ಅವರು ಪರೀಕ್ಷಿಸಿ ಒಪ್ಪಿದ ಮೇಲೆ ತಮ್ಮ ಪ್ಯಾಕೇಜ್‌ಗೆ ತರಬಹುದು. ಇದು ಪುಸ್ತಕ ಬರೆದವರಿಗೆ ಬರೆದ ಕಾಗದ. ಮೊದಲ ದಾರಿ ಹತ್ತಿರದ್ದಾಗಿ ಕಾಣುತ್ತದೆ, ಎರಡನೆಯದು ಸುತ್ತು ದಾರಿಯಾಗಿ ಕಾಣುತ್ತದೆ. ಹಾಗಿದ್ದರೂ ಅನುಭವಸ್ಥರು ಎರಡನೆಯದನ್ನೇ ಏಕೆ ಹೇಳುತ್ತಾರೆ?

ಈಗ ನಾನು ಹೇಳಿದ ಆ ಕಥೆಗೆ ಬರೋಣ.

ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವಿದೆ. 1998ರಲ್ಲಿ ಆರಂಭವಾದ ಯೋಜನೆ ಅದು. ಎರಡು ಗಣಕಗಳು ನಡುವೆ ಯಾರಿಗೂ ತಿಳಿಯದಂತೆ ಮಾತನಾಡಬೇಕಾದರೆ ಬೇಕಾಗುವ ಗೂಢಲಿಪಿಯ ಲೆಕ್ಕಾಚಾರಗಳನ್ನು ಅದು ಮಾಡಿಕೊಡುತ್ತದೆ. ಇದಕ್ಕೆಲ್ಲ ಆಧಾರ ಒಂದು ಕೀಲಿ, ಎಂದರೆ ಬಹಳ ದೊಡ್ಡದೊಂದು ಸಂಖ್ಯೆ. ಆ ಸಂಖ್ಯೆಯನ್ನು ಬೇರೆ ಯಾರೂ ಊಹಿಸಲಾಗಬಾರದು. ಆದರೆ ಗಣಕವೋ, ಹೇಳಿದ್ದನ್ನು ಹೇಳಿದಂತೆ ಮಾಡುವ ಯಂತ್ರ. ಊಹಿಸಲಾಗದ ಸಂಖ್ಯೆಯನ್ನು ಅದು ಎಲ್ಲಿಂದ ತರಬೇಕು?

ಒಂದು ಮಡಕೆಯನ್ನು ಕಲ್ಪಿಸಿಕೊಳ್ಳಿ. ಗಣಕದಲ್ಲಿ ನಡೆಯುವ ನಿಯಮವಿಲ್ಲದ ಸಂಗತಿಗಳನ್ನೆಲ್ಲ ಆ ಮಡಕೆಗೆ ಸುರಿದು ಕಲಕಲಾಗುತ್ತದೆ. ಕೀಲಿಮಣೆಯ ಗುಂಡಿಗಳನ್ನು ಒತ್ತಿದ ಕ್ಷಣಗಳು, ಡಿಸ್ಕ್ ತಿರುಗುವಾಗ ಆದ ಕೂದಲೆಳೆಯಷ್ಟು ವಿಳಂಬ ಮೊದಲಾದವು ಇಂಥ ಸಂಗತಿಗಳು. ಕೀಲಿ ಬೇಕಾದಾಗ ಆ ಮಡಕೆಯಿಂದ ಸೇದಿಕೊಳ್ಳುತ್ತಾರೆ. ಲಾಟರಿಯ ಚೀಟಿಗಳನ್ನು ಡಬ್ಬಿಯಲ್ಲಿ ಕುಲುಕಿ ಒಂದನ್ನು ಎತ್ತಿದ ಹಾಗೆ. ಡಬ್ಬಿಯಲ್ಲಿ ಎಷ್ಟು ಹೆಚ್ಚು ಚೀಟಿಗಳಿವೆಯೋ ಊಹಿಸುವುದು ಅಷ್ಟು ಕಷ್ಟ.

ಓಪನ್‌ಎಸ್‌ಎಸ್‌ಎಲ್‌ನ ಮೂಲಪಾಠದಲ್ಲಿ ಈ ಮಡಕೆಗೆ ಸಂಬಂಧಿಸಿದಂತೆ ಅಕ್ಷರಶಃ ಒಂದೇ ರೀತಿ ಕಾಣುವ ಎರಡು ಸಾಲುಗಳಿದ್ದವು. ಒಂದು, ಮಡಕೆಗೆ ಸುರಿಯುವ ಭಾಗದಲ್ಲಿತ್ತು. ಇನ್ನೊಂದು, ಮಡಕೆಯಿಂದ ಸೇದುವ ಭಾಗದಲ್ಲಿತ್ತು. ಸೇದುವ ಭಾಗದ ಸಾಲಿನ ಕೆಲಸ ಅಷ್ಟು ಮುಖ್ಯವಾದದ್ದಲ್ಲ. ಸೇದಿಕೊಳ್ಳಲು ತಂದ ಪಾತ್ರೆಯ ತಳದಲ್ಲಿ ಏನಾದರೂ ಉಳಿದಿದ್ದರೆ ಅದನ್ನೂ ಮಡಕೆಗೆ ಸೇರಿಸಿ ಕಲಕು, ಇದ್ದರೆ ಲಾಭವೇ, ಎಂಬಂಥ ಸಾಲು ಅದು. ಸುರಿಯುವ ಭಾಗದ ಸಾಲು ಮಾತ್ರ ಪ್ರಾಣವಿದ್ದಂತೆ. ಅದಿಲ್ಲದಿದ್ದರೆ ಮಡಕೆಗೆ ಏನೂ ಬೀಳುವುದಿಲ್ಲ.

ವಾಲ್‌ಗ್ರಿಂಡ್ ಎಂಬ ಇನ್ನೊಂದು ಸಾಧನವಿದೆ. ಬೆಲೆ ತುಂಬದೆಯೇ ಬಳಸಿದ ಸ್ಮೃತಿಕೋಶ ಕಂಡರೆ ಅದು ಎಚ್ಚರಿಕೆ ಕೊಡುತ್ತದೆ. ಪಾತ್ರೆಯ ತಳದಲ್ಲಿ ಏನಿದೆಯೋ ತಿಳಿಯದು, ಅದನ್ನು ಬಳಸುತ್ತಿದ್ದೀರಿ ಎಂದು ಅದು ಮತ್ತೆ ಮತ್ತೆ ದೂರುತ್ತಿತ್ತು. ಓಪನ್‌ಎಸ್‌ಎಸ್‌ಎಲ್ ಬಳಸುವ ತಮ್ಮ ತಂತ್ರಾಂಶಗಳಲ್ಲಿ ದೋಷ ಹುಡುಕುವವರಿಗೆ ಈ ದೂರುಗಳ ರಾಶಿ ಅಡ್ಡಿಯಾಗುತ್ತಿತ್ತು. ಡೆಬಿಯನ್‌ಗೆ ಈ ಬಗ್ಗೆ ದೂರು ಬಂತು. ಪ್ಯಾಕೇಜ್ ಉಸ್ತುವಾರಿಯವರು 2006ರ ಮೇ ತಿಂಗಳಲ್ಲಿ ಆ ಎರಡು ಸಾಲುಗಳನ್ನು ಗುರುತಿಸಿದರು. ಅವರು ಏನನ್ನೂ ಕೇಳದೆ ಮಾಡಿದರು ಎಂದುಕೊಳ್ಳಬೇಡಿ. ಇವನ್ನು ತೆಗೆದರೆ ಹೇಗೆ ಎಂದು ಓಪನ್‌ಎಸ್‌ಎಸ್‌ಎಲ್ ಕಡೆಯವರನ್ನು ಕೇಳಿದರು. ದೋಷ ಹುಡುಕಲು ನೆರವಾಗುವುದಾದರೆ ತೆಗೆಯಬಹುದು ಎಂಬ ಅರ್ಥದ ಉತ್ತರವೂ ಬಂತು. ಕೇಳಿದವರು ತಮ್ಮ ಬಳಕೆದಾರರೆಲ್ಲರಿಗೂ ಹೋಗುವ ಪ್ಯಾಕೇಜಿನ ಬಗ್ಗೆ ಯೋಚಿಸುತ್ತಿದ್ದರು. ದೋಷ ಹುಡುಕುವ ಮಾತನ್ನು ಎತ್ತಿದ ಉತ್ತರಕ್ಕೆ ಅಷ್ಟು ದೊಡ್ಡ ಅರ್ಥ ಇತ್ತೇ? ಪ್ರಶ್ನೆಯನ್ನಾಗಲಿ ಉತ್ತರವನ್ನಾಗಲಿ ಯಾರೂ ಬಿಡಿಸಿ ಕೇಳಲಿಲ್ಲ.

ಎರಡೂ ಸಾಲುಗಳು ಹೋದವು. ಸಿದ್ಧವಾದ ತೇಪೆಯನ್ನು ಮೂಲಪಾಠದಲ್ಲಿ ಸೇರಿಸಿಕೊಳ್ಳಿರೆಂದು ಮೇಲಕ್ಕೆ ಕಳುಹಿಸಲಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ ತೇಪೆ ಹಾಕಿದ ಪ್ಯಾಕೇಜ್ ಡೆಬಿಯನ್‌ಗೆ ಸೇರಿತು. ವಾಲ್‌ಗ್ರಿಂಡ್‌ನ ದೂರು ನಿಂತಿತು. ಎಲ್ಲವೂ ಮೊದಲಿನಂತೆಯೇ ನಡೆಯುತ್ತಿತ್ತು. ಕೀಲಿಗಳು ಹುಟ್ಟುತ್ತಿದ್ದವು, ಬೀಗಗಳು ಹಾಕಿ ತೆಗೆಯುತ್ತಿದ್ದವು. ಆದರೆ ಮಡಕೆಗೆ ಏನೂ ಬೀಳುತ್ತಿರಲಿಲ್ಲ.

ಉಳಿದ ಒಂದೇ ಒಂದು ಬದಲಾಗುವ ಸಂಗತಿಯೆಂದರೆ ಪ್ರೋಸೆಸ್ ಸಂಖ್ಯೆ. ಗಣಕದಲ್ಲಿ ಓಡುವ ಪ್ರತಿಯೊಂದು ಕೆಲಸಕ್ಕೂ ಕೊಡುವ ಕ್ರಮಸಂಖ್ಯೆ ಅದು. ಸಾಮಾನ್ಯ ಲಿನಕ್ಸ್ ವ್ಯವಸ್ಥೆಯಲ್ಲಿ ಅದು ಆಗ 32,768ರೊಳಗೇ ಇರುತ್ತಿತ್ತು. ಎಂದರೆ ಒಂದೇ ಬಗೆಯ ಗಣಕದಲ್ಲಿ, ಒಂದೇ ಜಾತಿಯ, ಒಂದೇ ಅಳತೆಯ ಕೀಲಿಗಳು ಇಡೀ ಜಗತ್ತಿಗೆ ಸೇರಿ ಸುಮಾರು 32 ಸಾವಿರ ಮಾತ್ರ. ಬ್ಯಾಂಕಿನ ಎ.ಟಿ.ಎಂ. ಕಾರ್ಡಿನ ನಾಲ್ಕು ಅಂಕಿಯ ಗುಪ್ತಸಂಖ್ಯೆಯಲ್ಲಿ 10,000 ಸಾಧ್ಯತೆಗಳಿವೆಯಷ್ಟೆ. ಕೋಟಿ ಕೋಟಿ ಪಟ್ಟು ದೊಡ್ಡದಾಗಿರಬೇಕಾದ ಸಂಖ್ಯೆ ಅದರ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಷ್ಟೂ ಕೀಲಿಗಳನ್ನು ಮೊದಲೇ ತಯಾರಿಸಿ ಗೊಂಚಲು ಕಟ್ಟಿಟ್ಟುಕೊಂಡರೆ ಎಷ್ಟೋ ಬೀಗಗಳನ್ನು ಒಂದೊಂದಾಗಿ ತೆಗೆಯಬಹುದು. ಗಣಕಗಳಿಗೆ ಅದು ಕೆಲವೇ ಗಂಟೆಗಳ ಕೆಲಸ.

ಸುಮಾರು 20 ತಿಂಗಳು ಇದು ಯಾರ ಗಮನಕ್ಕೂ ಬರಲಿಲ್ಲ. ಅರ್ಜೆಂಟೀನಾದ ಲೂಸಿಯಾನೊ ಬೆಲ್ಲೊ ಎಂಬ ಡೆಬಿಯನ್ ಕಾರ್ಯಕರ್ತರು ಇದನ್ನು ಕಂಡುಹಿಡಿದರು. 2008ರ ಮೇ 13ರಂದು ಡೆಬಿಯನ್ ಬಹಿರಂಗವಾಗಿ ಎಚ್ಚರಿಕೆ ನೀಡಿತು. ಡೆಬಿಯನ್‌ನಿಂದಲೇ ಪ್ಯಾಕೇಜ್ ಪಡೆಯುವ ಉಬುಂಟು ಮುಂತಾದ ವಿತರಣೆಗಳಿಗೂ ದೋಷ ಹರಿದುಹೋಗಿತ್ತು. ತೇಪೆಯನ್ನು ತೆಗೆಯುವುದು ಕ್ಷಣದ ಕೆಲಸ. ಆದರೆ ಆ 20 ತಿಂಗಳಲ್ಲಿ ಹುಟ್ಟಿದ ಕೀಲಿಗಳನ್ನು ಏನು ಮಾಡುವುದು? ಒಂದೊಂದನ್ನೂ ಹುಡುಕಿ ಎಸೆದು ಹೊಸದನ್ನು ಮಾಡಬೇಕಾಯಿತು. ಡೆಬಿಯನ್ ಬಳಸದ ಗಣಕಗಳೂ ಪಾರಾಗಲಿಲ್ಲ. ಡೆಬಿಯನ್ ಗಣಕದಲ್ಲಿ ಕೀಲಿ ಮಾಡಿಕೊಂಡ ಒಬ್ಬ ಬಳಕೆದಾರ ಅದನ್ನು ಬೇರೆ ಯಾವ ಗಣಕದ ಬಾಗಿಲಿಗೆ ಒಪ್ಪಿಸಿದ್ದರೂ ಆ ಬಾಗಿಲು ಸಡಿಲವಾಗಿತ್ತು.

ಮಿತ್ರರೇ, ಈ ಕಥೆಯಲ್ಲಿ ದುಷ್ಟರು ಯಾರೂ ಇಲ್ಲ ಎಂಬುದನ್ನು ಗಮನಿಸಿ. ಉಸ್ತುವಾರಿಯವರು ಬಳಕೆದಾರರ ತೊಂದರೆ ನಿವಾರಿಸಲು ಹೊರಟವರು. ಉತ್ತರಿಸಿದವರೂ ಸಹಾಯ ಮಾಡಿದವರೇ. ಹೀಗಿದ್ದೂ ಅನಾಹುತವಾಯಿತು. ಏಕೆ? ನನಗೆ ಕಾಣುವ ಕಾರಣ ಇದು: ಪ್ರಶ್ನೆ ಮೇಲಕ್ಕೆ ಹೋಯಿತು, ತೇಪೆ ಹೋಗಲಿಲ್ಲ. ಬಾಯಿಮಾತಿನ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಿಗುತ್ತದೆ. ‘ಈ ತಿದ್ದುಪಡಿಯನ್ನು ನಿಮ್ಮ ಮೂಲಪಾಠಕ್ಕೆ ಶಾಶ್ವತವಾಗಿ ಸೇರಿಸಿಕೊಳ್ಳಿ’ ಎಂದು ಕೇಳಿದಾಗ ಮಾತ್ರ ಎದುರಿನವರು ಕನ್ನಡಕ ಹಾಕಿಕೊಂಡು ಕೂತು ಓದುತ್ತಾರೆ, ಏಕೆಂದರೆ ಮುಂದೆ ಹೊಣೆ ಅವರದಾಗುತ್ತದೆ. ಸೇದುವ ಭಾಗದ ಸಾಲಿನ ಪಕ್ಕದಲ್ಲಿ ಇಂಥ ಪರೀಕ್ಷಾ ಸಾಧನ ಇಲ್ಲಿ ದೂರುತ್ತದೆ ಎಂಬ ಟಿಪ್ಪಣಿಯನ್ನು ಕರ್ತೃಗಳು ಮೊದಲೇ ಬರೆದಿಟ್ಟಿದ್ದರು. ಬೇಕಾದವರು ಆ ಒಂದು ಸಾಲನ್ನು ಬಿಟ್ಟು ತಂತ್ರಾಂಶ ಕಟ್ಟಿಕೊಳ್ಳುವ ಅನುಕೂಲವನ್ನೂ ಮಾಡಿದ್ದರು. ಸುರಿಯುವ ಭಾಗದ ಸಾಲಿಗೆ ಹಾಗೆ ಮಾಡಿರಲಿಲ್ಲ. ಆ ವ್ಯತ್ಯಾಸ ಅವರಿಗೆ ತಿಳಿದಿತ್ತು. ತೇಪೆ ಅವರ ಕಣ್ಣೆದುರು ಬಂದಿದ್ದರೆ ಖಂಡಿತ ಹಿಡಿಯುತ್ತಿದ್ದರು ಎಂದು ಆಣೆ ಮಾಡಿ ಹೇಳಲಾಗದು. ಹಿಡಿಯುವ ಅವಕಾಶವಾದರೂ ಇರುತ್ತಿತ್ತು.

ಇನ್ನೊಂದು ಮಾತು. ತಮ್ಮ ತಿದ್ದುಪಡಿಗಳನ್ನು ಮೂಲ ಕರ್ತೃಗಳಿಗೆ ತಿಳಿಸುತ್ತೇವೆ ಎಂದು ಡೆಬಿಯನ್‌ನವರು 1997ರಲ್ಲಿಯೇ ತಮ್ಮ ಸಾಮಾಜಿಕ ಒಪ್ಪಂದದಲ್ಲಿ ಬರೆದುಕೊಂಡಿದ್ದರು. ನಿಯಮ ಇತ್ತು; ಅದು ದಿನನಿತ್ಯದ ಅಭ್ಯಾಸವಾಗಿ ಎಲ್ಲೆಡೆ ಬೇರೂರಿರಲಿಲ್ಲ. ಈ ಘಟನೆಯ ಮರುವರ್ಷ, 2009ರಲ್ಲಿ, ಪ್ರತಿಯೊಂದು ತೇಪೆಯ ತಲೆಯಲ್ಲಿಯೂ ಬರೆಯಬೇಕಾದ ವಿವರಗಳ ಬಗ್ಗೆ ಡೆಬಿಯನ್‌ನಲ್ಲಿ ಒಂದು ಮಾರ್ಗಸೂಚಿ ರೂಪುಗೊಂಡಿತು. ಈ ತೇಪೆ ಏಕೆ ಬೇಕು, ಎಲ್ಲಿಂದ ಬಂತು, ಮೂಲಕ್ಕೆ ಕಳುಹಿಸಲಾಗಿದೆಯೇ, ಇಲ್ಲವಾದರೆ ಏಕಿಲ್ಲ ಎಂಬುದನ್ನು ಅಲ್ಲಿ ಬರೆಯುತ್ತಾರೆ.

ಅನಾಹುತವಾಗದ ತೇಪೆಗಳಿಗೂ ಒಂದು ಬೆಲೆ ಇದೆ. ಮೂಲಪಾಠ ನಿಂತ ನೀರಲ್ಲ. ಕರ್ತೃಗಳು ಆಗಾಗ ಹೊಸ ಆವೃತ್ತಿ ಹೊರಡಿಸುತ್ತಾರೆ. ಹೊಸ ಆವೃತ್ತಿ ಬಂದಾಗಲೆಲ್ಲ ಉಸ್ತುವಾರಿಯವರು ತಮ್ಮ ಖಾಸಗಿ ತೇಪೆಯನ್ನು ಮತ್ತೆ ಹಚ್ಚಬೇಕು. ಅಕ್ಕಪಕ್ಕದ ಸಾಲುಗಳು ಬದಲಾಗಿದ್ದರೆ ತೇಪೆ ಕೂರುವುದಿಲ್ಲ. ಬಿಚ್ಚಿ ಮತ್ತೆ ಹೊಲಿಯಬೇಕು. ಹತ್ತು ತೇಪೆಗಳಿದ್ದರೆ ಹತ್ತು ಸಲ. ಬರೆದವರು ಕೆಲಸ ಬಿಟ್ಟುಹೋದರೆ, ಈ ತೇಪೆ ಏಕಿತ್ತು ಎಂಬುದೂ ಯಾರಿಗೂ ನೆನಪಿರುವುದಿಲ್ಲ. ತಾಳೆಗರಿಯ ಪ್ರತಿಗಳನ್ನು ನಕಲು ಮಾಡುತ್ತ ಹೋದಾಗ ಪಾಠಾಂತರಗಳು ಹುಟ್ಟಿದ್ದನ್ನು ನಿಮ್ಮ ಕನ್ನಡ ಅಧ್ಯಾಪಕರು ಹೇಳಿರುತ್ತಾರೆ. ಯಾವುದು ಕವಿಯ ಮಾತು, ಯಾವುದು ಲಿಪಿಕಾರನ ಸೇರ್ಪಡೆ ಎಂದು ಬಿಡಿಸಲು ವಿದ್ವಾಂಸರು ಎಷ್ಟು ಶ್ರಮಪಡುತ್ತಾರೆ! ಪ್ರತಿ ವಿತರಣೆಯೂ ತನ್ನದೇ ತೇಪೆ ಹಾಕುತ್ತ ಹೋದರೆ ಒಂದೇ ಹೆಸರಿನ ತಂತ್ರಾಂಶಕ್ಕೆ ಅಷ್ಟೇ ಪಾಠಾಂತರಗಳು ಹುಟ್ಟುತ್ತವೆ.

ಇದಕ್ಕೆ ಆಂಡ್ರಾಯ್ಡ್ ಒಳ್ಳೆಯ ನಿದರ್ಶನ. ನಿಮ್ಮಲ್ಲಿ ಅನೇಕರ ಮನೆಯ ಮೊಬೈಲ್‌ಗಳು ಓಡುವುದು ಅದರಿಂದಲೇ, ಅದರ ತಿರುಳು ಲಿನಕ್ಸ್. ಆಂಡ್ರಾಯ್ಡ್‌ಗಾಗಿ ಗೂಗಲ್ ಮಾಡಿದ ಬದಲಾವಣೆಗಳಲ್ಲಿ ಕೆಲವು ಲಿನಕ್ಸ್‌ನ ಮೂಲಪಾಠದ ಒಂದು ಪ್ರಾಯೋಗಿಕ ಮೂಲೆಗೆ ಸೇರಿದ್ದವು. ಆದರೆ ಅಲ್ಲಿ ಅವುಗಳನ್ನು ನೋಡಿಕೊಳ್ಳುವವರು ಇರಲಿಲ್ಲ. 2010ರ ಫೆಬ್ರವರಿಯ ಆವೃತ್ತಿಯಲ್ಲಿ ಅವನ್ನು ತೆಗೆದುಹಾಕಲಾಯಿತು. ಎರಡು ಕವಲುಗಳು ದೂರವಾದಂತೆ, ಆಂಡ್ರಾಯ್ಡ್‌ನ ಕವಲಿಗೆಂದು ಬರೆದ ಎಷ್ಟೋ ಸಾಧನಗಳ ಚಾಲಕ ತಂತ್ರಾಂಶಗಳನ್ನು ಮೂಲಕ್ಕೆ ಸೇರಿಸುವುದೂ ಕಷ್ಟವಾಯಿತು. 2012ರ ಮಾರ್ಚ್‌ನಲ್ಲಿ ಬಂದ 3.3ನೇ ಆವೃತ್ತಿಯಲ್ಲಿ ಅವು ಮರಳಿ ಬರತೊಡಗಿದವು. ಹೊಸ ಬದಲಾವಣೆಗಳು ಮೊದಲು ಮೂಲಕ್ಕೆ ಹೋಗಬೇಕೆಂಬ ನೀತಿಯನ್ನು ಗೂಗಲ್ ಕೂಡ ಮುಂದೆ ಅನುಸರಿಸತೊಡಗಿತು.

ಲಿನಕ್ಸ್ ತಿರುಳಿನ ಸ್ಥಿರ ಆವೃತ್ತಿಗಳನ್ನು ನಡೆಸುವವರ ನಿಯಮವಂತೂ ಬಹಳ ಸ್ಪಷ್ಟ. ಸ್ಥಿರ ಆವೃತ್ತಿಗೆ ಒಂದು ತಿದ್ದುಪಡಿ ಬರಬೇಕಾದರೆ, ಅದು ಅಥವಾ ಅದಕ್ಕೆ ಸಮನಾದದ್ದು ಟೊರ್ವಾಲ್ಡ್ಸ್ ಅವರ ಮುಖ್ಯ ಶಾಖೆಯಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ? ಇಂದಿನ ಸ್ಥಿರ ಆವೃತ್ತಿಯಲ್ಲಿ ವಾಸಿಯಾದ ರೋಗ ನಾಳಿನ ಹೊಸ ಆವೃತ್ತಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. 2003ರಲ್ಲಿ ಆರಂಭವಾದ ಫೆಡೋರಾ ವಿತರಣೆಯೂ ಸಾಧ್ಯವಾದಷ್ಟು ಮೂಲಕ್ಕೆ ಹತ್ತಿರವಿರುವುದನ್ನೇ ತನ್ನ ನೀತಿಯಾಗಿ ಇಟ್ಟುಕೊಂಡಿದೆ.

ಈಗ ನಿಮ್ಮಲ್ಲಿ ಚುರುಕಾದವರು ಒಂದು ಪ್ರಶ್ನೆ ಕೇಳಬಹುದು. ಮೂಲದವರು ಒಪ್ಪುವವರೆಗೆ ಬಳಕೆದಾರರು ಕಾಯುತ್ತ ಕೂರಬೇಕೇ? ಮನೆಗೆ ಬೆಂಕಿ ಬಿದ್ದಾಗಲೂ ಅರ್ಜಿ ಬರೆಯಬೇಕೇ? ಇದು ನ್ಯಾಯವಾದ ಪ್ರಶ್ನೆ. ಭದ್ರತೆಗೆ ಕುತ್ತು ತರುವ ದೋಷ ಕಂಡಾಗ ವಿತರಣೆಗಳು ಕಾಯುವುದಿಲ್ಲ. ಮೂಲದವರೊಡನೆ ಮಾತನಾಡುತ್ತಲೇ ತೇಪೆಯನ್ನೂ ಹಾಕುತ್ತವೆ. ಕಡತಗಳನ್ನು ಎಲ್ಲಿ ಇಡಬೇಕು ಎಂಬಂಥ, ಆ ವಿತರಣೆಗೆ ಮಾತ್ರ ಸಂಬಂಧಿಸಿದ ಬದಲಾವಣೆಗಳನ್ನು ಮೂಲಕ್ಕೆ ಕಳುಹಿಸುವುದರಲ್ಲಿ ಅರ್ಥವಿಲ್ಲ. ಕರ್ತೃಗಳು ಕೆಲಸ ಬಿಟ್ಟು ವರ್ಷಗಳಾಗಿದ್ದರೆ ಕಳುಹಿಸಲು ವಿಳಾಸವೇ ಇರುವುದಿಲ್ಲ. ಇಂಥ ಸಂದರ್ಭಗಳಲ್ಲಿ ತೇಪೆ ಇರಲಿ; ಆದರೆ ಏಕೆ ಇದೆ ಎಂಬ ಬರಹವೂ ಅದರ ಜೊತೆಗಿರಲಿ.

ಒಪ್ಪಿಗೆ ತಡವಾಗುವುದೂ ಉಂಟು. ಗಣಕ ನಿಗದಿತ ಕ್ಷಣದೊಳಗೆ ಉತ್ತರ ಕೊಡಲೇಬೇಕಾದ ಕೆಲಸಗಳಿಗಾಗಿ ಲಿನಕ್ಸ್‌ಗೆ ಪ್ರೀಎಂಪ್ಟ್-ಆರ್‌ಟಿ ಎಂಬ ತೇಪೆಗಳ ಸಮೂಹವೊಂದಿತ್ತು. 2004ರ ಸುಮಾರಿಗೆ ಆರಂಭವಾದ ಆ ಕೆಲಸ ತುಂಡುತುಂಡಾಗಿ ಮೂಲಕ್ಕೆ ಸೇರುತ್ತ ಬಂದು, ಉಳಿದ ಭಾಗ 2024ರ ನವೆಂಬರ್‌ನಲ್ಲಿ ಬಂದ 6.12ನೇ ಆವೃತ್ತಿಯಲ್ಲಿ ಸೇರಿ ಪೂರ್ಣವಾಯಿತು. ಸುಮಾರು 20 ವರ್ಷ! ಆ ಜನ ಬೇಸತ್ತು ಕೂರಲಿಲ್ಲ. ದಾರಿಯಲ್ಲಿ ಅವರು ಮೂಲಕ್ಕೆ ಕೊಟ್ಟ ಎಷ್ಟೋ ಸುಧಾರಣೆಗಳಿಂದ ಲಿನಕ್ಸ್ ಬಳಸುವ ಎಲ್ಲರಿಗೂ ಉಪಕಾರವಾಯಿತು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಮೂಲದಿಂದ ಬಂದದ್ದೆಲ್ಲ ಶುದ್ಧವೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಒಂದು ಸಂಗತಿಯನ್ನು ಬಯಲಿಗೆಳೆದರು. ದೂರದ ಗಣಕಕ್ಕೆ ಲಾಗಿನ್ ಆಗುವಾಗ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ ಅವರು ಬೆನ್ನು ಹತ್ತಿದ್ದರು. ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಮೂಲದಲ್ಲೇ, ಒಂದು ಕಳ್ಳಬಾಗಿಲನ್ನು ಇಡಲಾಗಿತ್ತು. ಅದು ಓಪನ್‌ಎಸ್‌ಎಸ್‌ಎಚ್ ಎಂಬ ಲಾಗಿನ್ ತಂತ್ರಾಂಶವನ್ನು ತಲುಪಿದ್ದು ಹೇಗೆ? ಓಪನ್‌ಎಸ್‌ಎಸ್‌ಎಚ್‌ನ ಮೂಲಪಾಠಕ್ಕೂ ಎಕ್ಸ್‌ಜೆಡ್‌ಗೂ ಸಂಬಂಧವೇ ಇರಲಿಲ್ಲ. ಕೆಲವು ವಿತರಣೆಗಳು ಅನುಕೂಲಕ್ಕೆಂದು ತಾವೇ ಹಾಕಿಕೊಂಡ ತೇಪೆಯ ಮೂಲಕ ಆ ನಂಟು ಬೆಳೆದಿತ್ತು. ಅದೇ ಅನುಕೂಲವನ್ನು ಓಪನ್‌ಎಸ್‌ಎಸ್‌ಎಚ್ ಕರ್ತೃಗಳು 2024ರ ಜುಲೈನಲ್ಲಿ ಬಂದ 9.8ನೇ ಆವೃತ್ತಿಯಲ್ಲಿ, ಹೊರಗಿನ ಯಾವ ನಂಟೂ ಇಲ್ಲದ ಹಾಗೆ, ತಾವೇ ಬರೆದು ಸೇರಿಸಿದರು. ಮೂಲದವರ ಕೆಲಸವನ್ನು ವಿತರಣೆಯವರು ನೋಡಬೇಕು, ವಿತರಣೆಯವರ ತೇಪೆಯನ್ನು ಮೂಲದವರು ನೋಡಬೇಕು. ಎರಡೂ ಕಡೆ ಕಣ್ಣು ತೆರೆದಿರಬೇಕು ಎಂಬುದೇ ಇದರ ಪಾಠ.

ಹಾಗಾದರೆ ತೇಪೆಯನ್ನು ಮೇಲಕ್ಕೆ ಕಳುಹಿಸುವ ಕ್ರಮವೇನು? ಮುಂದೆ ನಿಮ್ಮಲ್ಲಿ ಕೆಲವರಾದರೂ ಈ ಕೆಲಸ ಮಾಡುವವರೇ ಆದ್ದರಿಂದ ಹೇಳುತ್ತೇನೆ.

ಮೊದಲನೆಯದಾಗಿ, ಮೂಲದ ಇತ್ತೀಚಿನ ಆವೃತ್ತಿಯಲ್ಲಿಯೂ ದೋಷ ಇದೆಯೇ ಎಂದು ನೋಡಿ. ಅವರು ಈಗಾಗಲೇ ಸರಿಪಡಿಸಿದ್ದರೆ ಆ ತೇಪೆಯನ್ನೇ ತಂದರಾಯಿತು. ಎರಡನೆಯದಾಗಿ, ತೆಗೆಯಬೇಕೆಂದಿರುವ ಸಾಲು ಅಲ್ಲಿ ಏಕೆ ಇದೆ ಎಂದು ತಿಳಿಯುವವರೆಗೆ ಅದನ್ನು ತೆಗೆಯಬೇಡಿ. ಎರಡು ಸಾಲುಗಳು ಒಂದೇ ರೀತಿ ಕಂಡ ಮಾತ್ರಕ್ಕೆ ಅವುಗಳ ಕೆಲಸ ಒಂದೇ ಎಂದು ಭಾವಿಸಬೇಡಿ. ಮೂರನೆಯದಾಗಿ, ಒಂದು ತೇಪೆ ಒಂದೇ ಕೆಲಸ ಮಾಡಲಿ. ಮೂರು ದೋಷಗಳಿದ್ದರೆ ಮೂರು ತೇಪೆಗಳು. ಚಿಕ್ಕದನ್ನು ಓದುವುದು ಸುಲಭ, ಒಪ್ಪುವುದೂ ಸುಲಭ. ನಾಲ್ಕನೆಯದಾಗಿ, ಏನು ಬದಲಾಯಿಸಿದಿರಿ ಎಂಬುದಕ್ಕಿಂತ ಏಕೆ ಬದಲಾಯಿಸಿದಿರಿ ಎಂಬುದನ್ನು ವಿವರವಾಗಿ ಬರೆಯಿರಿ. ಅದನ್ನು ಎಲ್ಲಿ ಬಳಸಲಿದ್ದೀರಿ ಎಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ. ಐದನೆಯದಾಗಿ, ಕರ್ತೃಗಳು ತಪ್ಪು ತೋರಿಸಿದರೆ ಮುನಿಸಿಕೊಳ್ಳಬೇಡಿ; ತಿದ್ದಿ ಮತ್ತೆ ಕಳುಹಿಸಿ. ‘ಬೇಡ’ ಎಂದರೆ ಏಕೆಂದು ಕೇಳಿ. ಕೊನೆಯದಾಗಿ, ಒಪ್ಪಿದ ಮೇಲೆ ನಿಮ್ಮ ಪ್ಯಾಕೇಜ್‌ಗೆ ತನ್ನಿ, ಮೂಲದ ಹೊಸ ಆವೃತ್ತಿ ಬಂದ ದಿನ ನಿಮ್ಮ ತೇಪೆಯನ್ನು ಮರೆಯದೆ ತೆಗೆದುಹಾಕಿ. ತೇಪೆ ಹಾಕಿದವರಿಗೆ ಅದಕ್ಕಿಂತ ನೆಮ್ಮದಿಯ ದಿನ ಇನ್ನೊಂದಿಲ್ಲ.

ಇದು ಎಲ್ಲೋ ದೂರದ ದೇಶದವರ ವಿಷಯವೆಂದು ತಿಳಿಯಬೇಡಿ. ನೀವು ಪರದೆಯ ಮೇಲೆ ಓದುವ ಕನ್ನಡವನ್ನೇ ತೆಗೆದುಕೊಳ್ಳಿ. ಕಾಗುಣಿತ, ಒತ್ತಕ್ಷರಗಳನ್ನು ಸರಿಯಾದ ಆಕಾರಕ್ಕೆ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವಿದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವೆಲ್ಲವೂ ಅದನ್ನೇ ಬಳಸುತ್ತವೆ. ಯಾವುದೋ ಒಂದು ಕನ್ನಡ ಒತ್ತಕ್ಷರ ಅದರಲ್ಲಿ ತಪ್ಪಾಗಿ ಮೂಡುತ್ತಿದೆ ಎಂದಿಟ್ಟುಕೊಳ್ಳಿ. ಒಂದು ವಿತರಣೆಯವರು ತಮ್ಮ ಪ್ಯಾಕೇಜಿನಲ್ಲಿ ಮಾತ್ರ ತಿದ್ದಿಕೊಂಡರೆ ಆ ವಿತರಣೆಯ ಬಳಕೆದಾರರಿಗೆ ಅಕ್ಷರ ಸರಿಯಾಗಿ ಕಾಣುತ್ತದೆ. ಮೂಲದಲ್ಲಿ ತಿದ್ದಿದರೆ ಬೀದರಿನ ಬಾಲಕಿಯ ಮೊಬೈಲಿನಲ್ಲಿಯೂ, ಪುತ್ತೂರಿನ ಗ್ರಂಥಾಲಯದ ಗಣಕದಲ್ಲಿಯೂ, ಅಮೆರಿಕದಲ್ಲಿ ಕನ್ನಡ ಓದುವ ಅಜ್ಜಿಯ ಪರದೆಯಲ್ಲಿಯೂ ಒಂದಲ್ಲ ಒಂದು ದಿನ ಸರಿಯಾಗುತ್ತದೆ. ಆ ತಪ್ಪನ್ನು ಗುರುತಿಸಲು ದೊಡ್ಡ ತಂತ್ರಜ್ಞರೇ ಆಗಬೇಕಿಲ್ಲ. ಯಾವ ಅಕ್ಷರ, ಹೇಗೆ ಮೂಡಬೇಕು, ಹೇಗೆ ಮೂಡುತ್ತಿದೆ ಎಂದು ಚಿತ್ರಸಮೇತ ಬರೆದು ತಿಳಿಸುವುದು ಕನ್ನಡ ಬಲ್ಲ ವಿದ್ಯಾರ್ಥಿಗೂ ಸಾಧ್ಯ. ಕನ್ನಡ ಬಾರದ ಕರ್ತೃಗಳಿಗೆ ಅದಕ್ಕಿಂತ ಬೆಲೆಬಾಳುವ ಸಹಾಯ ಬೇರೆ ಯಾವುದಿದೆ?

ಮಿತ್ರರೇ, ಕನ್ನಡದಲ್ಲಿ ‘ತೇಪೆ ಹಚ್ಚುವುದು’ ಎಂದರೆ ತಾತ್ಕಾಲಿಕವಾಗಿ ಹೇಗೋ ಸರಿದೂಗಿಸುವುದು ಎಂಬ ಅರ್ಥವಿದೆ. ತೇಪೆ ನಮ್ಮ ಕೈಯಲ್ಲೇ ಉಳಿದಾಗ ಆ ಮಾತು ನಿಜವೇ. ಅದನ್ನು ನೇಯ್ದವರ ಬಳಿಗೆ ಕೊಂಡೊಯ್ದು, ಅವರು ಮಗ್ಗದಲ್ಲೇ ಸರಿಪಡಿಸಿಕೊಂಡರೆ ಮುಂದಿನ ಬಟ್ಟೆಗೆ ತೇಪೆಯೇ ಬೇಕಾಗುವುದಿಲ್ಲ. ಮುಂದಿನ ಸಲ ನಿಮ್ಮ ಪಠ್ಯಪುಸ್ತಕದಲ್ಲಿ ತಪ್ಪು ಕಂಡಾಗ ಪೆನ್ಸಿಲಿನಿಂದ ತಿದ್ದಿಕೊಳ್ಳಿ, ತಪ್ಪಿಲ್ಲ. ಅದೇ ದಿನ ಸಂಜೆ, ನಿಮ್ಮ ಅಧ್ಯಾಪಕರನ್ನು ಒಮ್ಮೆ ಕೇಳಿ ಖಚಿತಪಡಿಸಿಕೊಂಡು, ಪುಸ್ತಕ ಬರೆದವರಿಗೂ ಒಂದು ಕಾಗದ ಹಾಕಿ.